ಡೋರಿಸಿಗೆ ತಂಪು

ಜುಲೈ 8, 1989, ಶನಿವಾರ

ಈ ಡೈರಿ ಸಾಹೇಬರ ಆಫೀಸಿನವರು ಹೊಸ ವರ್ಷಕ್ಕೆ ಕೊಟ್ಟದ್ದು. ಆರು ತಿಂಗಳು ಖಾಲಿ ಬಿದ್ದಿತ್ತು. ಇವತ್ತಿನಿಂದ ಬರೆಯುತ್ತೇನೆ. ಶೋಕಿಗಲ್ಲ. ನಾಳೆ ಎಂಥಾದರೂ ಹೆಚ್ಚುಕಡಿಮೆ ಆದರೆ ಯಾವ ದಿನ ಯಾರು ಏನು ಮಾಡಿದರು ಅಂತ ನನ್ನ ಕೈಯಲ್ಲಿ ಒಂದು ದಾಖಲೆ ಬೇಕು. ಅಡುಗೆಯವನ ಬಾಯಿಮಾತನ್ನು ಯಾರು ನಂಬುತ್ತಾರೆ?

ಹಾರ್ಟ್ಲಿ ಸಾಹೇಬರು ಬೆಳಿಗ್ಗೆ ಲಂಡನ್ನಿಗೆ ಹೊರಟರು. ಬರುವುದು ಆಗಸ್ಟ್ ಕೊನೆಗೆ. ಮಸ್ಕತಿನ ಬೌಷರಿನ ಈ ವಿಲ್ಲಾದಲ್ಲಿ ಇನ್ನು ನಾನು, ಡ್ರೈವರ್ ಉಸ್ಮಾನ್, ಮತ್ತೆ ಡೋರಿಸ್. ಡೋರಿಸ್ ಅಂದರೆ ಹಾವು. ಹೆಬ್ಬಾವಿನ ಜಾತಿ, ನಮ್ಮ ತುಳುವಿನ ಪೆರ್ಮರಿ. ಆಫ್ರಿಕಾದ್ದಂತೆ, ನಾಲ್ಕಡಿ ಉದ್ದ. ಇಂಗ್ಲಿಷಿನವರು ನಾಯಿ ಸಾಕುವುದು ಕಂಡಿದ್ದೇನೆ. ಇವರದ್ದು ಎಲ್ಲರಿಗಿಂತ ಒಂದು ಕೈ ಮೇಲೆ.

ಹೊರಡುವ ಮೊದಲು ನಮ್ಮಿಬ್ಬರನ್ನೂ ಗಾಜಿನ ಪೆಟ್ಟಿಗೆಯ ಮುಂದೆ ನಿಲ್ಲಿಸಿದರು. ಒಳಗಿನ ಬಲ್ಬು ಹಗಲೂ ರಾತ್ರಿ ಉರಿಯಬೇಕು. ಥರ್ಮಾಮೀಟರ್ ಮೂವತ್ತರ ಕೆಳಗೆ ಇಳಿಯಬಾರದು. ಪೆಟ್ಟಿಗೆ ಒಣಗಿರಬೇಕು. ಬಲ್ಬು, ನೀರು, ಕ್ಲೀನಿಂಗ್ ನನ್ನ ಕೆಲಸ. ಹತ್ತು ದಿನಕ್ಕೊಂದು ಇಲಿ ಹಾಕುವುದು ಉಸ್ಮಾನನದ್ದು. ಆಮೇಲೆ ಹೇಳಿದರು, ಡೋರಿಸಿಗೆ ಏನಾದರೂ ಆದರೆ ಯಾರ ತಪ್ಪೋ ಅವರ ವೀಸಾ ಕ್ಯಾನ್ಸಲ್. ನಗುತ್ತಾ ಹೇಳಲಿಲ್ಲ.

ಐವತ್ತೆರಡು ವರ್ಷದ ಅಡುಗೆಯವನಿಗೆ ಇನ್ನೊಂದು ವೀಸಾ ಯಾರು ಕೊಡುತ್ತಾರೆ? ಉಸ್ಮಾನನಿಗೆ ಮೂವತ್ತು, ಎಲ್ಲಿಯೂ ಸಿಕ್ಕೀತು. ಅದಕ್ಕೇ ಅವನ ಮೇಲೆ ಒಂದು ಕಣ್ಣಿಡಬೇಕು. ಉಪ್ಪಿನಂಗಡಿ ಕಡೆಯವನು, ಬ್ಯಾರಿ, ಬಂದು ಎಂಟೇ ತಿಂಗಳು. ಮಾತು ಬೆಣ್ಣೆ. ಬೆಣ್ಣೆಯಂಥ ಮಾತಿನವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಜುಲೈ 11, ಮಂಗಳವಾರ

ಹೊರಗೆ ನಲವತ್ತಾರು ಡಿಗ್ರಿ. ಟ್ಯಾಂಕಿಯ ನೀರಿನಲ್ಲಿ ಗಂಜಿ ಬೇಯಿಸಬಹುದು. ಈ ಉರಿಯಲ್ಲಿ ಆ ಮೂಕಪ್ರಾಣಿಯ ತಲೆಯ ಮೇಲೆ ಬಲ್ಬು ಬೇರೆ! ಸಾಹೇಬರು ಎಣ್ಣೆ ಹುಡುಕುವವರು, ಅವರಿಗೆ ಕಲ್ಲಿನ ವಿಷಯ ಗೊತ್ತು. ನಾಗನ ವಿಷಯ ನನಗೆ ಗೊತ್ತು.

ನನ್ನ ಹೆಸರೇ ಸೇಸಪ್ಪ. ಅಮ್ಮ ನಾಗನಿಗೆ ಹರಕೆ ಹೇಳಿದ ಮೇಲೆ ಹುಟ್ಟಿದವನು. ಮನೆಯ ನಾಗಬನದೊಳಗೆ ಮಟಮಟ ಮಧ್ಯಾಹ್ನ ಕಾಲಿಟ್ಟರೂ ಅಂಗಾಲು ತಣ್ಣಗಾಗುತ್ತದೆ. ನಾಗನಿಗೆ ತಂಪು ಬೇಕು, ಅದಕ್ಕೇ ಅಲ್ಲವಾ ತನು ಎರೆಯುವುದು, ಹಾಲು, ಎಳನೀರು? ಪೆರ್ಮರಿಯಾದರೆ ಏನು, ಕುಲ ಒಂದೇ. ಒಂಬತ್ತು ವರ್ಷ ಆಯ್ತು ನನ್ನ ಕೈಯಿಂದ ತನು ಎರೆದು. ಊರಿನಿಂದ ವಸಂತಿ ಬರೆದಿದ್ದಾಳೆ, ಮಗಳಿಗೆ ಬಂದ ಮೂರನೇ ಸಂಬಂಧವೂ ತಪ್ಪಿತಂತೆ, ಜೋಯಿಸರು ನಾಗದೋಷ ಅಂದರಂತೆ. ಗಂಡ ಮಸ್ಕತಿನಲ್ಲಿ ಕೂತರೆ ದೋಷ ಪರಿಹಾರ ಮಾಡುವವರು ಯಾರು ಅಂತ ಕೇಳಿದ್ದಾಳೆ. ಮಾಡುವ ದಾರಿ ನನ್ನ ಎದುರಿಗೇ ಗಾಜಿನ ಪೆಟ್ಟಿಗೆಯಲ್ಲಿ ಸುರುಳಿ ಸುತ್ತಿ ಮಲಗಿದೆ!

ಬಲ್ಬು ಆರಿಸಿದೆ. ಎ.ಸಿ. ಹಾಕಿ, ಪೆಟ್ಟಿಗೆಯನ್ನು ಅದರ ನೇರಕ್ಕೆ ಎಳೆದಿಟ್ಟೆ. ಸಂಜೆ ಥರ್ಮಾಮೀಟರ್ ಇಪ್ಪತ್ತಮೂರು. ಮನಸ್ಸಿಗೆ ಸಮಾಧಾನ ಆಯಿತು.

ಜುಲೈ 16, ಭಾನುವಾರ

ಬೆಳಿಗ್ಗೆ ನಾನು ಏಳುವಾಗ ಉಸ್ಮಾನ್ ನಮಾಜ್ ಮುಗಿಸಿ ಹಾವಿನ ರೂಮಿನಿಂದ ಹೊರಗೆ ಬರುತ್ತಾ ಇದ್ದ.

“ಎಂಥ ಮಾರಾಯ ಅಲ್ಲಿ?”

“ಎಂಥದೂ ಇಲ್ಲ ಸೇಸಪ್ಪಣ್ಣ, ಸುಮ್ಮನೆ ನೋಡಿದೆ.”

ಹಾವು ಅಂದರೆ ಹತ್ತಡಿ ಹಾರುವವನು. ಇಲಿಯನ್ನು ಇಕ್ಕಳದಲ್ಲಿ ಹಿಡಿದು ಕಣ್ಣು ಮುಚ್ಚಿ ಎಸೆಯುವವನು. ಅವನು ಸುಮ್ಮನೆ ನೋಡುತ್ತಾನಂತೆ! ಒಳಗೆ ಹೋದೆ. ಎಲ್ಲ ಸರಿ ಇತ್ತು. ಬಲ್ಬು ಮಾತ್ರ ಉರಿಯುತ್ತಿತ್ತು. ನಿನ್ನೆ ಆರಿಸಿದ್ದು ನೆನಪುಂಟು, ಸ್ವಿಚ್ಚು ಸಡಿಲ ಇರಬೇಕು. ಪುನಃ ಆರಿಸಿದೆ. ಪೆಟ್ಟಿಗೆಯ ಒಳಗೆ ನಾಲ್ಕು ಕೈ ನೀರು ಚಿಮುಕಿಸಿದೆ.

ಸಂಜೆ ಪಕ್ಕದ ವಿಲ್ಲಾದ ವಾಚ್‌ಮನ್ ಉಮರಬ್ಬ ಬಂದ. ಇವರಿಬ್ಬರು ದಿನಾ ಗೋಡೆಯ ನೆರಳಿಗೆ ಕೂತು ಒಂದೇ ತಟ್ಟೆಯಲ್ಲಿ ಉಣ್ಣುವುದು. ಬ್ಯಾರಿ ಭಾಷೆಯಲ್ಲಿ ಗುಸುಗುಸು. ನನಗೆ ಅರ್ಧ ಅರ್ಥ ಆಗುತ್ತದೆ. “ಪಾಪ” ಅಂದದ್ದು ಕೇಳಿಸಿತು. ಯಾರು ಪಾಪ? ನಾನು ಕಿಟಕಿಗೆ ಬಂದ ಕೂಡಲೇ ಸುಮ್ಮನಾದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ!

ಜುಲೈ 19, ಬುಧವಾರ

ಬಲ್ಬು ಪುನಃ ಉರಿಯುತ್ತಿತ್ತು. ಈ ಮನೆಯ ವಯರಿಂಗೇ ಸರಿ ಇಲ್ಲ.

ಜುಲೈ 27, ಗುರುವಾರ

ಡೋರಿಸ್ ಇಲಿ ಮುಟ್ಟಲಿಲ್ಲ. ಕಳೆದ ಸಲದ್ದನ್ನೂ ಮುಟ್ಟಿರಲಿಲ್ಲವಂತೆ, ಉಸ್ಮಾನ್ ಈಗ ಬಾಯಿ ಬಿಡುತ್ತಾನೆ. ಯಾಕೆ ಆಗ ಹೇಳಲಿಲ್ಲ?

ಇಲಿ ಎಲ್ಲಿಂದ ಬರುವುದು? ರುಸೈಲಿನ ಫ್ಯಾಕ್ಟರಿಯಲ್ಲಿ ಇವನ ಗೆಳೆಯನೊಬ್ಬ ಬಿಳಿ ಇಲಿ ಸಾಕುತ್ತಾನೆ. ಫ್ಯಾಕ್ಟರಿಗಳಲ್ಲಿ ಮೂಲೆಮೂಲೆಗೆ ಇಲಿಪಾಷಾಣ ಇಡುತ್ತಾರೆ, ಇದು ಎಲ್ಲರಿಗೂ ಗೊತ್ತು. ಒಂದು ಇಲಿ ಪಾಷಾಣ ನೆಕ್ಕಿದರೆ ಸಾಕು. ಗೊತ್ತಿದ್ದೇ ತಂದನೋ, ಗೊತ್ತಿಲ್ಲದೆಯೋ? ನನ್ನನ್ನು ಊರಿಗೆ ಕಳಿಸಿ ತನ್ನವರಲ್ಲಿ ಯಾರನ್ನಾದರೂ ಅಡುಗೆಗೆ ತರಿಸುವ ಅಂದಾಜು ಇರಬಹುದು. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುತ್ತಾರೆ, ಇವನ ಲೆಕ್ಕದಲ್ಲಿ ಹಾವು ಸತ್ತರೂ ಆಯ್ತು, ಮುರಿಯುವ ಕೋಲು ನಾನು.

“ಸೇಸಪ್ಪಣ್ಣ, ರೂಮು ಸ್ವಲ್ಪ ಚಳಿ ಅಲ್ಲವಾ?” ಅಂತ ಕೇಳಿದ. ನಿನಗೆ ಚಳಿಯಾದರೆ ಹೊರಗೆ ಬಿಸಿಲಲ್ಲಿ ನಿಲ್ಲು ಅಂದೆ. ಇಕ್ಕಳ ತೊಳೆಯಲು ಹೋದ.

ಆಗಸ್ಟ್ 6, ಭಾನುವಾರ, ನಾಗರ ಪಂಚಮಿ

ಮಿಂದು ದಾರ್ಸೈಟಿನ ಕೃಷ್ಣ ದೇವಸ್ಥಾನಕ್ಕೆ ಹೋಗಿ ಬಂದೆ. ಕಾರು ಬಿಟ್ಟದ್ದು ಉಸ್ಮಾನ್. ದಾರಿಯಲ್ಲಿ ಅವನೇ ನಿಲ್ಲಿಸಿ ಸಲಾಲದ ಎಳನೀರು ತಂದುಕೊಟ್ಟ. ನಾನು ಕೇಳಿರಲಿಲ್ಲ. ಎಳನೀರಿಗೆ ಎಂಥಾದರೂ ಸೂಜಿ ಚುಚ್ಚಿದ್ದಾನಾ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಇರಲಿಲ್ಲ.

ಪೆಟ್ಟಿಗೆಯಲ್ಲಿ ಬಲ್ಬು ಮತ್ತೆ ಉರಿಯುತ್ತಾ ಇತ್ತು! ಆರಿಸಿ, ಮುಚ್ಚಳ ತೆಗೆದು, ಫ್ರಿಜ್ಜಿನ ಹಾಲು, ಮೇಲೆ ಎಳನೀರು, ತಲೆಯಿಂದ ಬಾಲದವರೆಗೆ ಎರೆದೆ. ಟಪ್ ಅಂತ ಒಂದು ಸದ್ದು ಬಂತು, ಕಾಯಿ ಒಡೆದ ಹಾಗೆ. ಒಳ್ಳೆ ಲಕ್ಷಣ. ಅದು ಮೈ ಬಿಗಿಹಿಡಿದು ಮಲಗಿಯೇ ಇತ್ತು, ಸ್ವೀಕಾರ ಮಾಡಿದ ಹಾಗೆ. ಕಣ್ಣಲ್ಲಿ ನೀರು ಬಂತು ನನಗೆ. ಮಗಳ ಹೆಸರು ಹೇಳಿ ಕೈ ಮುಗಿದೆ. ತನು ಎರೆದದ್ದನ್ನು ಅವತ್ತೇ ಒರೆಸಬಾರದು ಅಂತ ಹಾಗೇ ಬಿಟ್ಟಿದ್ದೇನೆ.

ಆಗಸ್ಟ್ 7, ಸೋಮವಾರ

ಉಸ್ಮಾನ್ ಹಾವಿನ ರೂಮಿನಿಂದ ಬಂದ. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎಂಥದೋ ಒಂದು. ನನ್ನನ್ನು ಕಂಡು ಬೆನ್ನ ಹಿಂದೆ ಹಿಡಿದ. ಕೇಳಿದರೆ “ಕಸ” ಅಂದ. ಕಸವನ್ನು ಬೆನ್ನ ಹಿಂದೆ ಅಡಗಿಸುತ್ತಾರಾ?

ತಾರೀಕು, ಹೊತ್ತು ಬರೆದಿಟ್ಟಿದ್ದೇನೆ. ಬೆಳಿಗ್ಗೆ ಐದು ನಲವತ್ತು.

ಆಗಸ್ಟ್ 9, ಬುಧವಾರ

ಡೋರಿಸ್ ತಲೆ ಎತ್ತಿದೆ! ಗಾಜಿಗೆ ಒರಗಿ, ಅರ್ಧ ಅಡಿ ಮೇಲಕ್ಕೆ, ಮುಖ ಆಕಾಶಕ್ಕೆ. ಪೆರ್ಮರಿ ಹೆಡೆ ಎತ್ತುವುದುಂಟಾ? ಹತ್ತಿರ ಹೋದರೆ ಸುಯ್ ಸುಯ್ ಅಂತ ಸ್ವರ. ನನ್ನ ಹತ್ತಿರ ಏನೋ ಹೇಳುತ್ತಾ ಉಂಟು. ಅಡ್ಡಬಿದ್ದೆ. ವಸಂತಿಗೆ ಕಾಗದ ಬರೆದೆ, ನಾಗ ಒಲಿದಿದ್ದಾನೆ, ಮಗಳ ಕೆಲಸ ಆಯಿತು ಅಂತಲೇ ತಿಳಿ ಅಂತ.

ಆಗಸ್ಟ್ 11, ಶುಕ್ರವಾರ

ಒಲಿದದ್ದಲ್ಲ.

ಮೂಗಿನಲ್ಲಿ ಗುಳ್ಳೆ. ಬಾಯಿ ತೆರೆದೇ ಉಂಟು, ಒಳಗೆ ಅಂಟಿನಂಥ ಎಳೆ. ಸುಯ್ ಅನ್ನುವುದು ಈಗ ಗೊರಗೊರ ಆಗಿದೆ. ಕೈಯಲ್ಲಿ ಎತ್ತಿದರೆ ಮೊದಲಿನ ಹಾಗೆ ಬಿಗಿಯಾಗಿ ಸುತ್ತಿಕೊಳ್ಳುವುದಿಲ್ಲ, ಒದ್ದೆ ಹಗ್ಗದ ಹಾಗೆ ಜೋಲುತ್ತದೆ. ಹೆದರಿ ಹೋದೆ. ಪಂಚಮಿಯ ವಾರದಲ್ಲಿ ನನ್ನ ಕೈಯಲ್ಲಿ ಹಾವು ಸತ್ತರೆ ಏಳು ಜನ್ಮಕ್ಕೂ ಬಿಡುಗಡೆ ಇಲ್ಲ. ವೀಸಾದ ಮಾತು ಬೇರೆ.

ಪೇಪರಿನಲ್ಲಿ ಸುತ್ತಿದ್ದು ಈಗ ಅರ್ಥ ಆಯಿತು. ಸೊಳ್ಳೆ ಹೊಡೆಯುವ ಸ್ಪ್ರೇ ಡಬ್ಬಿ! ಬೇರೆ ಎಂಥದು ಇರಲು ಸಾಧ್ಯ?

ಆಗಸ್ಟ್ 12, ಶನಿವಾರ

ನಮ್ಮ ವೀಸಾದ ಕೆಲಸ ನೋಡುವ ಆಫೀಸಿನ ಪಿ.ಆರ್.ಓ.ಗೆ ಫೋನ್ ಮಾಡಿದೆ. ಹಾವಿಗೆ ಸೀರಿಯಸ್, ಉಸ್ಮಾನ್ ಸ್ಪ್ರೇ ಹೊಡೆದದ್ದನ್ನು ಕಣ್ಣಾರೆ ಕಂಡೆ ಅಂದೆ. ಕಂಡದ್ದಲ್ಲ. ಆದರೆ ಕಂಡ ಹಾಗೆಯೇ. ಸಾಹೇಬರಿಗೆ ಟೆಲೆಕ್ಸ್ ಕಳಿಸುತ್ತಾರಂತೆ. ನಾಳೆ ಪ್ರಾಣಿಗಳ ಕ್ಲಿನಿಕ್ಕಿಗೆ ತಕೊಂಡು ಹೋಗಲು ಹೇಳಿದರು.

ಆಗಸ್ಟ್ 13, ಭಾನುವಾರ

ತಲೆದಿಂಬಿನ ಚೀಲದಲ್ಲಿ ಹಾವನ್ನು ಹಾಕಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಉಸ್ಮಾನ್ ಕಾರಿನ ಎ.ಸಿ. ಬಂದ್ ಮಾಡಿದ. ನಾನು ಹಾಕೆಂದರೂ ಹಾಕಲಿಲ್ಲ.

ಕ್ಲಿನಿಕ್ಕಿನಲ್ಲಿ ಈಜಿಪ್ಟಿನ ಡಾಕ್ಟರಮ್ಮ. ಕಂಪೌಂಡರ್ ನಮ್ಮವನೇ ಸಿಕ್ಕಿದ, ಕಿನ್ನಿಗೋಳಿಯ ವಾಲ್ಟರ್. ಡಾಕ್ಟರಮ್ಮ ಹಾವಿನ ಮೈಗೆ ಕಿವಿ ಕೊಟ್ಟು ಕೇಳಿದರು, ಚಪ್ಪಟೆ ಕಡ್ಡಿಯಲ್ಲಿ ಬಾಯಿ ಬಿಡಿಸಿ ಟಾರ್ಚು ಹಾಕಿದರು. ವಾಲ್ಟರ್ ತುಳುವಿನಲ್ಲಿ ಕೇಳಿದ, ಯಾವಾಗಿನಿಂದ, ಏನೇನು ಆಯಿತು, ಹಾವಿಗೆ ಯಾರು ಏನು ಮಾಡಿದರು?

ಇದಕ್ಕೇ ಕಾಯುತ್ತಿದ್ದೆ ನಾನು. ಡೈರಿ ಚೀಲದಿಂದ ತೆಗೆದೆ. ಉಸ್ಮಾನನಿಗೆ ಕೇಳಲಿ ಅಂತ ದೊಡ್ಡ ಸ್ವರದಲ್ಲೇ ಓದಲು ಸುರು ಮಾಡಿದೆ. ಬಲ್ಬು ಆರಿಸಿದೆ. ಎ.ಸಿ. ಹಾಕಿದೆ. ಇಪ್ಪತ್ತಮೂರು. ನೀರು ಚಿಮುಕಿಸಿದೆ. ಬಲ್ಬು ಪುನಃ ಆರಿಸಿದೆ. ಫ್ರಿಜ್ಜಿನ ಹಾಲು ಎರೆದೆ. ಉಸ್ಮಾನ್ ಎದ್ದು ಹೊರಗೆ ಕಾರಿನ ಹತ್ತಿರ ಹೋದ.

ವಾಲ್ಟರ್ ಬರೆಯುತ್ತಿದ್ದವನು ಪೆನ್ನು ಕೆಳಗಿಟ್ಟ. “ಸಾಕು ಸೇಸಪ್ಪಣ್ಣ,” ಅಂದ. “ಇನ್ನು ಓದುವುದು ಬೇಡ.”

“ಸ್ಪ್ರೇಯ ವಿಷಯ ಬರಲಿಲ್ಲ ಇನ್ನೂ.”

“ವಿಷವೂ ಅಲ್ಲ, ಸ್ಪ್ರೇಯೂ ಅಲ್ಲ ಮಾರಾಯ್ರೇ. ಇದು ನ್ಯುಮೋನಿಯಾ. ಹಾವಿಗೆ ಮೈಯೊಳಗೆ ಸ್ವಂತ ಬಿಸಿ ಇಲ್ಲ. ಹೊರಗಿನ ಬಿಸಿಯಲ್ಲೇ ಅದರ ಉಸಿರು, ಊಟ, ಎಲ್ಲ. ತಂಪಾಗಿ, ಒದ್ದೆಯಾಗಿ ಇಟ್ಟರೆ ಎದೆಯಲ್ಲಿ ಕಫ ಕಟ್ಟುತ್ತದೆ. ನಮ್ಮ ಹಾಗೆ ಕೆಮ್ಮಿ ಉಗುಳಲು ಅದಕ್ಕೆ ಬರುವುದಿಲ್ಲ. ಉಸಿರು ಸಿಗದೆ ತಲೆ ಮೇಲೆ ಎತ್ತುತ್ತದೆ.”

ತಲೆ ಮೇಲೆ ಎತ್ತುತ್ತದೆ. ಅದಕ್ಕೆ ನಾನು ಅಡ್ಡಬಿದ್ದಿದ್ದೆ. ಉಸಿರು ಕಟ್ಟಿ ಒದ್ದಾಡುವವಳ ಎದುರು ಕೈ ಮುಗಿದು ಮಗಳಿಗೆ ಗಂಡು ಕೇಳಿದ್ದೆ ನಾನು!

ಒಂದು ಇಂಜೆಕ್ಷನ್ ಅಲ್ಲೇ ಕೊಟ್ಟರು. ಇನ್ನು ಐದು, ಮೂರು ದಿನಕ್ಕೊಂದು, ಕುತ್ತಿಗೆಯ ಕಡೆಯ ಮಾಂಸಕ್ಕೆ ಮಾತ್ರ, ಬಾಲದ ಕಡೆಗೆ ಕೊಡಬಾರದಂತೆ. ಬಿಸಿ ಮೂವತ್ತೆರಡು. ಒಳಗೆ ಒಣ ಪೇಪರು. ಬದುಕೀತಾ ಅಂತ ಕೇಳಿದೆ. ಡಾಕ್ಟರಮ್ಮ “ಇನ್ಶಾ ಅಲ್ಲಾ” ಅಂದರು.

ಕಾರಿನಲ್ಲಿ ಉಸ್ಮಾನನೇ ಮಾತು ತೆಗೆದ. ದಿನಾ ಬೆಳಿಗ್ಗೆ ಬಲ್ಬು ಹಾಕುತ್ತಿದ್ದವನು ಅವನು. ಪಂಚಮಿಯ ದಿನ ನೀರು ಬಿದ್ದು ಬಿಸಿ ಬಲ್ಬು ಒಡೆದಿತ್ತಂತೆ. ಚೂರು ಹೆಕ್ಕಿ ಪೇಪರಿನಲ್ಲಿ ಸುತ್ತಿ, ಹೊಸದು ಹಾಕಿದ್ದನಂತೆ.

“ಬಾಯಿ ಬಿಟ್ಟು ಹೇಳಬಾರದಿತ್ತಾ ನನಗೆ?”

“ನಿಮಗೆ ಅದು ದೇವರು. ನಿಮ್ಮಲ್ಲಿ ಹೀಗೆ ಕ್ರಮ ಇರಬಹುದು ಅಂತ ಸುಮ್ಮನಾದೆ. ದೇವರ ವಿಷಯದಲ್ಲಿ ನಾನು ಬಾಯಿ ಹಾಕಿದರೆ ನೀವು ಕೇಳುತ್ತಿದ್ದಿರಾ?”

ಕೇಳುತ್ತಿರಲಿಲ್ಲ. ನಾಳೆ ಬೆಳಿಗ್ಗೆ ಪಿ.ಆರ್.ಓ.ಗೆ ಫೋನ್ ಮಾಡಿ ಸರಿಯಾದ್ದು ಹೇಳಬೇಕು.

ಆಗಸ್ಟ್ 14, ಸೋಮವಾರ

ಲೈನ್ ಸಿಗಲಿಲ್ಲ. ಒಂದು ಸಲ ಮಾಡಿದೆ.

ಆಗಸ್ಟ್ 16, ಬುಧವಾರ

ಎರಡನೇ ಇಂಜೆಕ್ಷನ್. ಸೂಜಿ ಹಿಡಿದು ಅರ್ಧ ಗಂಟೆ ಕೂತೆ. ಹಾವಿನ ಮೈಗೆ ಚುಚ್ಚಲು ನನ್ನ ಕೈ ಬರುವುದಿಲ್ಲ. ನೀನೇ ಚುಚ್ಚು, ನಾನು ಹಿಡಿಯುತ್ತೇನೆ ಅಂದೆ.

“ಪಾಪ ನನ್ನ ತಲೆಗೆ ಕಟ್ಟುವ ಉಪಾಯವಾ ಸೇಸಪ್ಪಣ್ಣ?” ಅಂತ ನಕ್ಕ. ಬೆವರು ಸುರಿಯುತ್ತಿತ್ತು ಅವನಿಗೆ. ಬಿಸ್ಮಿಲ್ಲಾ ಅಂತ ಚುಚ್ಚಿದ. ಅವಳು ಒಮ್ಮೆ ಮೈ ಮುರಿದಳು, ಅಷ್ಟೆ.

ಮಧ್ಯಾಹ್ನ ಪಿ.ಆರ್.ಓ. ಸ್ವತಃ ಬಂದರು. ಸಾಹೇಬರ ಉತ್ತರ ಬಂದಿದೆ. ಸಾಹೇಬರು ಬಂದ ಮೇಲೆ, ಸ್ಪ್ರೇ ಹೊಡೆದ ತಪ್ಪಿಗೆ ಉಸ್ಮಾನನ ವೀಸಾ ಕ್ಯಾನ್ಸಲ್, ಸೆಪ್ಟೆಂಬರ್ ಎರಡಕ್ಕೆ ಟಿಕೆಟ್. ಖಲಾಸ್ ಅಂತ ಕೈ ಝಾಡಿಸಿದರು. ಅಲ್ಲೇ ಇದ್ದೆ ನಾನು, ಚಹಾ ಕೊಡುತ್ತಾ. ಹೇಳಬಹುದಿತ್ತು.

ಅವರು ಹೋದ ಮೇಲೆ ಉಸ್ಮಾನ್ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕೂತಿದ್ದ. ಮೈಮುನಾಳಿಗೆ, ಅವನ ಹೆಂಡತಿಗೆ, ಏನು ಬರೆಯಲಿ ಅಂತ ಕೇಳಿದ. ಆಮೇಲೆ, “ಸ್ಪ್ರೇ ಹೊಡೆದೆ ಅಂತ ಆಫೀಸಿಗೆ ಯಾರು ಹೇಳಿರಬಹುದು? ಉಮರಬ್ಬನಾ? ಅವನ ಅಳಿಯನೊಬ್ಬ ಡ್ರೈವರ್, ಕೆಲಸ ಹುಡುಕುತ್ತಾ ಇದ್ದಾನೆ.”

“ಇರಬಹುದು,” ಅಂದೆ ನಾನು.

ಆಗಸ್ಟ್ 19, ಶನಿವಾರ

ಮೂರನೇ ಇಂಜೆಕ್ಷನ್. ಗುಳ್ಳೆ ಕಡಿಮೆ. ಬಲ್ಬು ಹಗಲೂ ರಾತ್ರಿ. ರೂಮಿನಲ್ಲಿ ನನ್ನ ಬನಿಯನ್ ಒದ್ದೆಯಾಗುತ್ತದೆ, ಆದರೂ ಅಲ್ಲೇ ಕೂತುಕೊಳ್ಳುತ್ತೇನೆ.

ಉಮರಬ್ಬ ಸಂಜೆ ತಟ್ಟೆ ಹಿಡಿದು ಬಂದ. ಉಸ್ಮಾನ್ ಗೇಟು ತೆಗೆಯಲಿಲ್ಲ. ಮುದುಕ ಸ್ವಲ್ಪ ಹೊತ್ತು ನಿಂತು ಹೋದ.

ಆಗಸ್ಟ್ 22, ಮಂಗಳವಾರ

ನಾಲ್ಕನೆಯದು. ನಾಳೆ ಹೇಳುತ್ತೇನೆ.

ಆಗಸ್ಟ್ 25, ಶುಕ್ರವಾರ

ಐದನೆಯದು. ಹೇಳಲಿಲ್ಲ. ನನಗೆ ಐವತ್ತೆರಡು ವರ್ಷ ಅಂತ ನೂರು ಸಲ ಮನಸ್ಸಿಗೆ ಹೇಳಿಕೊಂಡೆ. ಮಗಳ ಮದುವೆ ಅಂತಲೂ ಹೇಳಿಕೊಂಡೆ. ಗಂಟಲಲ್ಲಿ ಏನೋ ಕಟ್ಟಿ ನಿಂತಿದೆ, ಕೆಮ್ಮಿದರೆ ಬರುವುದಿಲ್ಲ.

ಆಗಸ್ಟ್ 28, ಸೋಮವಾರ

ಕೊನೆಯ ಇಂಜೆಕ್ಷನ್. ಬಾಯಿ ಮುಚ್ಚಿಕೊಂಡಿದ್ದಾಳೆ, ಸ್ವರ ಇಲ್ಲ. ಸಂಜೆ ಉಸ್ಮಾನ್ ಇಲಿ ಹಾಕಿದ, ಈ ಸಲ ಕಣ್ಣು ಬಿಟ್ಟುಕೊಂಡೇ. ಹಿಡಿದಳು! ಸುತ್ತಿದಳು! ಇಬ್ಬರೂ ಕೇಕೆ ಹಾಕಿದೆವು. “ಡೋರಿಸಮ್ಮ ಬದುಕಿದಳು ಸೇಸಪ್ಪಣ್ಣ” ಅಂತ ನನ್ನ ಹೆಗಲು ಹಿಡಿದು ಅಲುಗಾಡಿಸಿದ. ಆಮೇಲೆ ಒಳಗೆ ಹೋಗಿ ಪೆಟ್ಟಿಗೆ ತುಂಬಿಸಲು ಕೂತ. ಅವನ ಅಂಗಿಗಳನ್ನು ಮಡಚಿಕೊಟ್ಟದ್ದು ನಾನು.

ಆಗಸ್ಟ್ 30, ಬುಧವಾರ

ಸಾಹೇಬರು ಬಂದರು. ಚೀಲ ಕೆಳಗಿಡುವ ಮೊದಲೇ ಡೋರಿಸನ್ನು ಎತ್ತಿಕೊಂಡು ಕಿವಿಗೆ ಹಿಡಿದರು. ನನ್ನ ಕೈ ಕುಲುಕಿ, ನೀನಿಲ್ಲದಿದ್ದರೆ ಇವಳು ಉಳಿಯುತ್ತಿರಲಿಲ್ಲ ಅಂದರು. ಉಸ್ಮಾನ್ ಬಾಗಿಲಲ್ಲಿ ನಿಂತಿದ್ದ, ಕಾರಿನ ಕೀ ಕೊಡಲು.

ಆ ಮಾತು ಹೇಳದೆ ಇದ್ದಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ನನ್ನ ಬಟ್ಲರ್ ಇಂಗ್ಲಿಷಿನಲ್ಲಿ ಹೇಳಿದೆ. ಬಲ್ಬ್ ಆಫ್, ಮೀ. ಎ.ಸಿ., ಮೀ. ಮಿಲ್ಕ್, ಮೀ. ಸ್ಪ್ರೇ ನೋ. ಸ್ಪ್ರೇ ಮೈ ಲೈ. ಉಸ್ಮಾನ್ ಬಲ್ಬ್ ಆನ್, ಎವ್ವೆರಿ ಡೇ, ಉಸ್ಮಾನ್.

ಸಾಹೇಬರು ಡೋರಿಸನ್ನು ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಳ ಹಾಕಿದರು. ಆಮೇಲೆ ಹೇಳಿದರು, ಹಾವಿಗೆ ಕಾಯಿಲೆ ಬಂದದ್ದಕ್ಕಾದರೆ ಕ್ಷಮಿಸುತ್ತಿದ್ದೆ, ಆ ಸುಳ್ಳಿಗೆ ಸಾಧ್ಯವಿಲ್ಲ. ಉಸ್ಮಾನನ ಟಿಕೆಟ್ಟಿಗೆ ನನ್ನ ಹೆಸರು ಹಾಕಿಸುತ್ತಾರೆ.

ಉಸ್ಮಾನನ ಮುಖ ನೋಡಲು ನನ್ನಿಂದ ಆಗಲಿಲ್ಲ. ಕೀ ಮೇಜಿನ ಮೇಲಿಟ್ಟು ಹೊರಗೆ ಹೋದ ಸದ್ದು ಕೇಳಿಸಿತು. ಅಡುಗೆಮನೆಗೆ ಬಂದು ಅನ್ನಕ್ಕಿಟ್ಟೆ. ಗಂಟಲು ಬಿಟ್ಟಿದೆ.

ಸೆಪ್ಟೆಂಬರ್ 2, ಶನಿವಾರ. ವಿಮಾನ ನಿಲ್ದಾಣ

ಕಾರು ಬಿಟ್ಟದ್ದು ಉಸ್ಮಾನ್. ಬೌಷರಿನಿಂದ ಸೀಬಿನವರೆಗೆ ನಾನೇ ಹೇಳುತ್ತಾ ಬಂದೆ, ಡಿಸೆಂಬರಿನಲ್ಲಿ ಕಿಟಕಿ ತೆರೆಯಬೇಡ, ಸ್ಪೇರ್ ಬಲ್ಬು ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ ಉಂಟು, ಗುಳ್ಳೆ ಕಂಡರೆ ಒಂದು ದಿನವೂ ಕಾಯದೆ ವಾಲ್ಟರಿನ ಹತ್ತಿರ ಓಡು. ಹೂಂ ಅನ್ನಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎರಡು ಪೆಟ್ಟು ಕೊಟ್ಟಿದ್ದರೂ ಬೇಸರ ಇರಲಿಲ್ಲ.

ಪೆಟ್ಟಿಗೆ ಇಳಿಸಿಕೊಟ್ಟ. ಕೈ ಕೊಡಲು ಮುಂದೆ ಚಾಚಿದೆ. ಅವನು ನೋಡಿದ, ಹಿಡಿಯಲಿಲ್ಲ.

“ಉಮರಬ್ಬ ಹದಿನೈದು ದಿನ ಗೇಟಿನ ಹತ್ತಿರ ತಟ್ಟೆ ಹಿಡಿದು ಬಂದ, ಸೇಸಪ್ಪಣ್ಣ. ದಿನಾ ಬಂದ. ನಾನು ತೆಗೆಯಲಿಲ್ಲ. ಕೊನೆಯ ದಿನ ಅವನ ಮುಖಕ್ಕೆ ಉಗುಳಿದೆ. ಈಗ ಆ ಮುದುಕನ ಹತ್ತಿರ ಹೋಗಿ ನಾನು ಏನಂತ ಹೇಳಲಿ?”

ಪೆಟ್ಟಿಗೆ ಎಳೆದುಕೊಂಡು ಒಳಗೆ ಬಂದು, ಅವನು ಕೇಳಿದ್ದನ್ನು ಕೇಳಿದ ಹಾಗೇ ಇಲ್ಲಿ ಬರೆದಿಟ್ಟೆ.